ಕೋಣೆಗೊಂದು ಹೆಡ್ ಹಾಕಿಸೋ ಮೊದಲು ಜನವರಿ ಬಿಲ್ಲು ತೆಗೆ

ತಮ್ಮಾ, ಅಕ್ಕ ಅಂತ ಕರೆದು ಕೇಳಿದ್ದೀಯ, ಅದಕ್ಕೇ ಏಕವಚನದಲ್ಲೇ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡ. ನೀನು ಬರೆದದ್ದು ಇಷ್ಟು: ಈ ಚಳಿನಾಡಿಗೆ ಬಂದು ಎಂಟು ತಿಂಗಳಾಯ್ತು, ಹಳೇ ಮನೆಯೊಂದನ್ನ ತಗೊಂಡಿದ್ದೀರಿ. ಕೆಳಗೆ ಹಾಲ್ ಮತ್ತು ಅಡುಗೆಮನೆ ಸೇರಿದ ಒಂದೇ ಜಾಗ, ಪಕ್ಕದಲ್ಲಿ ಒಂದು ಸಣ್ಣ ಕೋಣೆ, ಮೇಲೆ ಮೂರು ಬೆಡ್‌ರೂಮು. ಡಕ್ಟ್, ಅಂದರೆ ಕೋಣೆಗಳಿಗೆ ಗಾಳಿ ಹರಿಸೋ ಕೊಳವೆ, ಇಲ್ಲ. ಗೋಡೆ ಬುಡದುದ್ದಕ್ಕೂ ಕರೆಂಟ್ ಹೀಟರ್‌ಗಳಿವೆ, ಅವುಗಳ ಬಿಲ್ಲು ಕಟ್ಟಿ ಹಳೇ ಮಾಲೀಕರೇ ಸುಸ್ತಾಗಿದ್ದರಂತೆ. ಕಾಂಟ್ರಾಕ್ಟರ್ ಒಬ್ಬ ಬಂದು ಹದಿನೈದು ನಿಮಿಷ ಓಡಾಡಿ, ಹೊರಗೆ 48,000 ಬಿಟಿಯುವಿನ ಒಂದು ಹೀಟ್ ಪಂಪ್, ಒಳಗೆ ಐದು ಕೋಣೆಗೆ ಐದು ಹೆಡ್ ಅಂತ ಕೊಟೇಷನ್ ಕೊಟ್ಟು ಹೋಗಿದ್ದಾನೆ. (ಹೀಟ್ ಪಂಪ್ ಅಂದರೆ ಹೊರಗಿನ ಗಾಳಿಯ ಶಾಖವನ್ನ ಎಳೆದು ಮನೆಯೊಳಗೆ ತರೋ ಯಂತ್ರ, ತಿರುಗಿಸಿ ಓಡಿಸಿದರೆ ಎ.ಸಿ. ಹೆಡ್ ಅಂದರೆ ಕೋಣೆಯಲ್ಲಿ ಕೂರೋ ಅದರ ಒಳಭಾಗ. ಬಿಟಿಯು ಅಂದರೆ ಶಾಖದ ಅಳತೆ, ಯಂತ್ರಗಳಿಗೆ ಗಂಟೆಗೆ ಇಷ್ಟು ಅಂತ ಲೆಕ್ಕ.) ಯಾವ ಕಂಪನಿಯದು ತಗೊಳ್ಳಲಿ, ಮೊದಲ ಚಳಿಗಾಲಕ್ಕೆ ಇದು ಸಾಕಾಗುತ್ತಾ ಅಂತ ನಿನ್ನ ಪ್ರಶ್ನೆ.

ಸಾಕಾಗೋ ಮಾತು ಬಿಡು, ಅತಿಯಾಗುತ್ತೆ. ತೊಂದರೆ ಇರೋದೇ ಅಲ್ಲಿ.

ಕಂಪನಿ ವಿಷಯ ಮೊದಲೇ ಮುಗಿಸಿಬಿಡ್ತೀನಿ. ಮಿತ್ಸುಬಿಷಿ, ಡೈಕಿನ್, ಫುಜಿತ್ಸು, ಈ ಮೂವರೂ ಚಳಿಗೆಂದೇ ಮಾಡಿದ ಮಾದರಿಗಳನ್ನ ಮಾರ್ತಾರೆ, ಇನ್ನೂ ಹಲವರು ಮಾರ್ತಾರೆ. ನೀನಿರೋ ಕಡೆ ಯಾವುದರ ಬಿಡಿಭಾಗ ಬೇಗ ಸಿಗುತ್ತೋ, ಯಾವುದನ್ನ ಕೂರಿಸಿ ಕೂರಿಸಿ ಕೈ ಪಳಗಿದವರು ಹತ್ತಿರದಲ್ಲಿದ್ದಾರೋ ಅದನ್ನ ತಗೋ. ನಿನ್ನ ನಿದ್ದೆ ಕೆಡಬೇಕಾದದ್ದು ಹೆಸರಿನ ಮೇಲಲ್ಲ, ಆ 48,000 ಮತ್ತು ಆ ಐದು ಅನ್ನೋ ಎರಡು ಅಂಕಿಗಳ ಮೇಲೆ.

ನಾವು ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡವರು. ಒಂಬತ್ತು ವರ್ಷದ ಹಿಂದೆ ನಮ್ಮನೆಯಲ್ಲೂ ಹೊರಗೊಂದು, ಒಳಗೈದು. ಕೋಣೆಗೊಂದು ರಿಮೋಟು, ಯಾರಿಗೆ ಎಷ್ಟು ಬೇಕೋ ಅಷ್ಟು ಬಿಸಿ, ಕೇಳೋದಕ್ಕೆ ಎಷ್ಟು ಚೆನ್ನಾಗಿತ್ತು! ಮೊದಲ ನವೆಂಬರಿನಲ್ಲೇ ಮಗಳು ರಾತ್ರಿ ಒಂದು ಗಂಟೆಗೆ ಬೆವತು ಎದ್ದು ನಮ್ಮ ಕೋಣೆಗೆ ಬರೋಕೆ ಶುರುಮಾಡಿದಳು. ಅವಳ ಕೋಣೆಯ ಹೆಡ್ ಆಫ್ ಆಗಿರ್ತಿತ್ತು, ದೀಪವೂ ಆರಿರ್ತಿತ್ತು, ಆದರೂ ಥರ್ಮಾಮೀಟರ್ ಇಟ್ಟು ನೋಡಿದರೆ 26 ಡಿಗ್ರಿ. ರಿಮೋಟ್ ಕೆಟ್ಟಿದೆ ಅಂತ ಎರಡು ಸಲ ಬ್ಯಾಟರಿ ಬದಲಾಯಿಸಿದೆವು. ಕೊನೆಗೊಂದು ರಾತ್ರಿ ನಮ್ಮನೆಯವರು ಕುರ್ಚಿ ಹಾಕ್ಕೊಂಡು ಹತ್ತಿ, ಆಫ್ ಆಗಿದ್ದ ಹೆಡ್‌ನ ಮೇಲ್ಗಡೆ ಕೈಯಿಟ್ಟು ನೋಡಿದರು. ಬಿಸಿಯಾಗಿ ಹಬೆಯಾಡ್ತಿತ್ತು.

ಆಮೇಲೆ ಗೊತ್ತಾಯ್ತು, ಅದು ಕೆಟ್ಟದ್ದಲ್ಲ, ಆ ಯಂತ್ರದ ಸ್ವಭಾವವೇ ಹಾಗೆ. ಒಂದೇ ಕಂಪ್ರೆಸರಿಗೆ ಐದು ಹೆಡ್ ಕಟ್ಟಿದಾಗ, ಬೇಡ ಅಂದ ಹೆಡ್‌ನ ವಾಲ್ವ್ ಪೂರ್ತಿ ಮುಚ್ಚೋದಿಲ್ಲ. ಪೂರ್ತಿ ಮುಚ್ಚಿದರೆ ಗ್ಯಾಸು ಅಲ್ಲಿ ತಣ್ಣಗಾಗಿ ದ್ರವವಾಗಿ ನಿಂತುಬಿಡುತ್ತೆ, ಓಡ್ತಿರೋ ಹೆಡ್‌ಗಳಿಗೆ ಕಮ್ಮಿ ಬೀಳುತ್ತೆ. ಅದಕ್ಕೇ ಸ್ವಲ್ಪ ಬಿಸಿ ಗ್ಯಾಸನ್ನ ಹರಿಯೋಕೆ ಬಿಡ್ತಾರೆ. ಹಾಲ್‌ನಂಥ ದೊಡ್ಡ ಜಾಗದಲ್ಲಿ ಅಷ್ಟು ಬಿಸಿ ಗೊತ್ತೇ ಆಗೋದಿಲ್ಲ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ರಾತ್ರಿಯೆಲ್ಲ ಹೀಗೆ ಸೋರಿದರೆ ಮಗು ಬೆವರದೆ ಇನ್ನೇನು.

ಇನ್ನೊಂದು ಕಾಟ ಹೊರಗಿನದು. ಹವೆ ಹಿತವಾಗಿದ್ದ ದಿನಗಳಲ್ಲಿ ಔಟ್‌ಡೋರ್ ಯೂನಿಟ್ ಐದು ನಿಮಿಷ ಓಡೋದು, ನಿಲ್ಲೋದು, ಮತ್ತೆ ಓಡೋದು. ಇನ್ವರ್ಟರ್ ಯಂತ್ರದ, ಅಂದರೆ ಬೇಕಾದಷ್ಟಕ್ಕೆ ವೇಗ ಏರಿಸಿ ಇಳಿಸಿ ಓಡೋ ಯಂತ್ರದ, ಜಾಣತನ ಇರೋದೇ ನಿಧಾನವಾಗಿ ಬಿಡದೆ ಓಡೋದರಲ್ಲಿ. ಪದೇ ಪದೇ ನಿಂತು ಶುರುವಾದರೆ ಕರೆಂಟ್ ಉಳಿತಾಯವೂ ಹೋಯ್ತು, ಕಂಪ್ರೆಸರ್ ಆಯುಸ್ಸೂ ಹೋಯ್ತು. ಎಲ್ಲರೂ ಯಂತ್ರದ ಗರಿಷ್ಠ ಎಷ್ಟು ಅಂತ ಕೇಳ್ತಾರೆ, ಕನಿಷ್ಠ ಎಷ್ಟು ಅಂತ ಯಾರೂ ಕೇಳೋದಿಲ್ಲ. 48,000 ಬಿಟಿಯುವಿನ ಮಲ್ಟಿ ಯಂತ್ರ, ಅಂದರೆ ಹೊರಗಿನ ಒಂದಕ್ಕೆ ಒಳಗೆ ಹಲವು ಹೆಡ್ ಕಟ್ಟಿದ್ದು, ಎಷ್ಟೇ ತಗ್ಗಿದರೂ ಹತ್ತು ಸಾವಿರದ ಆಸುಪಾಸಿನ ಕೆಳಗೆ ಇಳಿಯೋದು ಕಷ್ಟ. ಬೆಡ್‌ರೂಮಿಗೆ ಬೇಕಾಗಿರೋದು ಸಾವಿರ ಚಿಲ್ಲರೆ. ಬೆಂಕಿಪೊಟ್ಟಣ ತರೋಕೆ ಲಾರಿ ಓಡಿಸಿದ ಹಾಗೆ. ಹೊರಗೊಂದು, ಅದಕ್ಕೆ ಒಳಗೆ ಒಂದೇ ಹೆಡ್ ಅನ್ನೋ ಜೋಡಿಯ ಸಣ್ಣ ಯಂತ್ರಗಳಾದರೆ ಎರಡು-ಮೂರು ಸಾವಿರಕ್ಕೆ ಇಳಿಯೋವು ಬೇಕಾದಷ್ಟಿವೆ.

ಈಗ ನಿನ್ನ ಮನೆಗೆ ನಿಜಕ್ಕೂ ಎಷ್ಟು ಬೇಕು ಅಂತ ನೋಡೋಣ. ಹಳೇ ಮಾಲೀಕರ ಜನವರಿ ಬಿಲ್ಲಿನ ಫೋಟೋ ಕಳಿಸಿದ್ದೀಯಲ್ಲ, ಅದು ಆ ಕಾಂಟ್ರಾಕ್ಟರನ ಹದಿನೈದು ನಿಮಿಷಕ್ಕಿಂತ ದೊಡ್ಡ ಸಾಕ್ಷಿ. ಜನವರಿಯಲ್ಲಿ 3,700 ಯೂನಿಟ್. ಹೀಟರೂ ಇಲ್ಲದ, ಎ.ಸಿ.ಯೂ ಇಲ್ಲದ ಮೇ ತಿಂಗಳಲ್ಲಿ 700. ಅಂದರೆ ದೀಪ, ಫ್ರಿಜ್ಜು, ಬಿಸಿನೀರು ಎಲ್ಲಾ ಸೇರಿ 700 ಅಂತಿಟ್ಟುಕೋ, ಚಳಿಗೆ ಅಂತ ಸುಟ್ಟದ್ದು 3,000. ಜನವರಿಗೆ 744 ಗಂಟೆ, ಭಾಗಿಸಿದರೆ ಸರಾಸರಿ 4 ಕಿಲೋವ್ಯಾಟ್. ಕರೆಂಟ್ ಹೀಟರ್ ಎಳೆದಷ್ಟನ್ನೂ ಶಾಖ ಮಾಡಿ ಕೊಡೋದರಿಂದ ಈ ಲೆಕ್ಕ ಸಲೀಸು. ಎಣ್ಣೆ, ಗ್ಯಾಸಿನ ಬಾಯ್ಲರ್ ಇದ್ದಿದ್ದರೆ ಚಿಮಣಿಯಲ್ಲಿ ಹೋಗೋದನ್ನ ಕಳೀಬೇಕಿತ್ತು.

ಆ ತಿಂಗಳ ಸರಾಸರಿ ಹೊರಗಿನ ತಾಪ ಮೈನಸ್ 5 ಅಂತ ಬರೆದಿದ್ದೀಯ. ಒಳಗೆ 20 ಇಟ್ಟರೂ ಜನ, ಒಲೆ, ಬಿಸಿಲು ಕೊಡೋ ಬಿಸಿಯಿಂದಾಗಿ ಹೀಟರ್ ಹೊರಬೇಕಾದದ್ದು 18ರವರೆಗೆ ಮಾತ್ರ. ವ್ಯತ್ಯಾಸ 23 ಡಿಗ್ರಿ. 4 ಕಿಲೋವ್ಯಾಟನ್ನ 23ರಿಂದ ಭಾಗಿಸು, ಡಿಗ್ರಿಗೆ 175 ವ್ಯಾಟ್ ಹತ್ತಿರ. ನಿಮ್ಮಲ್ಲಿ ಅತಿ ಚಳಿ ಅಂದರೆ ಮೈನಸ್ 20, ಅಂದರೆ 38 ಡಿಗ್ರಿ ವ್ಯತ್ಯಾಸ. ಗುಣಿಸಿದರೆ 6.65 ಕಿಲೋವ್ಯಾಟ್. ಒಂದು ಕಿಲೋವ್ಯಾಟ್‌ಗೆ 3,412 ಬಿಟಿಯು, ಸುಮಾರು 23,000 ಆಯ್ತು. ವರ್ಷದ ಅತಿ ಕೆಟ್ಟ ರಾತ್ರಿಗೆ, ಇಡೀ ಮನೆಗೆ ಇಷ್ಟು. ಅವನು ಬರೆದುಕೊಟ್ಟದ್ದು ಅದರ ಎರಡರಷ್ಟಕ್ಕಿಂತ ಹೆಚ್ಚು.

ಅತಿ ಕೆಟ್ಟ ರಾತ್ರಿ ವರ್ಷಕ್ಕೆ ನಾಲ್ಕೋ ಐದೋ. ಉಳಿದ ದಿನ ನೋಡು. ಹೊರಗೆ 8 ಡಿಗ್ರಿ ಇದ್ದಾಗ ಅದೇ ಲೆಕ್ಕದಲ್ಲಿ ಇಡೀ ಮನೆ ಕೇಳೋದು 6,000 ಬಿಟಿಯು. ಐದು ಕೋಣೆ ಒಟ್ಟಿಗೆ ಕೇಳಿದರೂ ಆ ಯಂತ್ರದ ಕನಿಷ್ಠಕ್ಕಿಂತ ಕಮ್ಮಿ! ಅಕ್ಟೋಬರ್, ನವೆಂಬರ್, ಮಾರ್ಚ್, ಏಪ್ರಿಲ್ ಪೂರ್ತಿ ಅದು ನಿಂತು ನಿಂತು ಓಡುತ್ತೆ.

ಈ ಬಿಲ್ಲಿನ ಲೆಕ್ಕ ಒಟ್ಟು ಮನೆಗೆ ಸರಿ, ಕೋಣೆ ಕೋಣೆಗೆ ಸಾಲದು. ಗೋಡೆ, ಕಿಟಕಿ, ಅಟ್ಟ ಎಲ್ಲಾ ಅಳೆದು ಕೋಣೆವಾರು ಲೆಕ್ಕ ಹಾಕೋ ಪದ್ಧತಿಯಿದೆ. ಅಮೆರಿಕದಲ್ಲಿ ಅದನ್ನ ಮ್ಯಾನ್ಯುಯಲ್ ಜೆ ಅಂತಾರೆ, ಕೆನಡಾದಲ್ಲಿ ಎಫ್280. ಮಾಡಿಕೊಡಿ ಅಂತ ಕೇಳು. ‘ಚದರಡಿಗೆ ಇಷ್ಟು ಅಂತ ನಮಗೆ ಬಾಯಲ್ಲೇ ಬರುತ್ತೆ’ ಅಂದರೆ ಬೇರೆಯವರನ್ನ ಕರೆಸು.

ಟನ್ ಮಾತೂ ಒಂದು ಹೇಳಿಬಿಡ್ತೀನಿ, ಯಾಕಂದರೆ ನಮಗೆಲ್ಲ ಎ.ಸಿ. ಅಂದರೆ ಟನ್ ಲೆಕ್ಕದಲ್ಲೇ ತಲೆ ಓಡೋದು. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು, ಮೂರೂವರೆ ಕಿಲೋವ್ಯಾಟ್. ಡಬ್ಬದ ಮೇಲೆ 12,000 ಅಂತ ಬರೆದಿರೋದು ಸಾಮಾನ್ಯವಾಗಿ ಹೊರಗೆ 35 ಡಿಗ್ರಿ ಇದ್ದಾಗ ತಂಪು ಮಾಡೋ ಶಕ್ತಿ. ಚಳಿನಾಡಿನವರಿಗೆ ಬೇಕಾದ ಅಂಕಿ ಅದಲ್ಲವೇ ಅಲ್ಲ. ನೀನು ಕೇಳಬೇಕಾದದ್ದು ಮೈನಸ್ 15ರಲ್ಲಿ ಎಷ್ಟು ಬಿಸಿ ಕೊಡುತ್ತೆ ಅಂತ. ಒಂದೇ ಅಂಕಿ ಹೊತ್ತ ಎರಡು ಯಂತ್ರಗಳಲ್ಲಿ ಒಂದು ಮೈನಸ್ 15ರಲ್ಲೂ ಪೂರ್ತಿ ಕೊಡಬಹುದು, ಇನ್ನೊಂದು ಅರ್ಧಕ್ಕೆ ಉಸಿರುಬಿಡಬಹುದು.

ಹಾಗಾದರೆ ಏನು ಮಾಡಬೇಕು? ನಾನು ನಿನ್ನ ಜಾಗದಲ್ಲಿದ್ದರೆ ಮಲ್ಟಿ ಬೇಡವೇ ಬೇಡ ಅಂತಿದ್ದೆ. ಎರಡು ಬಿಡಿ ಜೋಡಿ ಹಾಕಿಸ್ತಿದ್ದೆ. ಕೆಳಗಿನ ಹಾಲ್‌ಗೆ 15,000ದ್ದು ಒಂದು, ಅದರದ್ದೇ ಔಟ್‌ಡೋರ್ ಯೂನಿಟ್. ಮೇಲೆ ಮೂರು ಬೆಡ್‌ರೂಮಿಗೂ ಸೇರಿ ಒಂದು ತೆಳು ಡಕ್ಟ್ ಯಂತ್ರ, 9,000ದ್ದು. ಅದು ಕಣ್ಣಿಗೆ ಕಾಣೋದಿಲ್ಲ. ಮಹಡಿ ಮೇಲಿನ ಓಣಿಯಲ್ಲಿ ಫಾಲ್ಸ್ ಸೀಲಿಂಗ್ ಮಾಡಿ ಅದರೊಳಗೆ ಮಲಗಿಸ್ತಾರೆ, ಅಲ್ಲಿಂದ ಮೂರು ಕೋಣೆಗೂ ಗಿಡ್ಡ ಡಕ್ಟ್ ಎಳೀತಾರೆ. ಡಕ್ಟ್ ಇಲ್ಲದ ಮನೆಗೆ ಡಕ್ಟಾ ಅಂತ ನಗಬೇಡ, ಮೂರು ನಾಲ್ಕು ಮೀಟರಿನ ಕೆಲಸ ಅದು. ಒಂದೊಂದು ಕೋಣೆಗೂ ಸಿಗೋದು ಎರಡು-ಮೂರು ಸಾವಿರ ಬಿಟಿಯು, ಬೇಕಾದಷ್ಟೇ. ಅಟ್ಟದಲ್ಲಿ ಇಡ್ತೀನಿ ಅಂದರೆ ಮಾತ್ರ ಒಪ್ಪಬೇಡ. ಬೆಚ್ಚನೆ ಹೊದಿಕೆಯ ಆಚೆ, ಕೊರೆಯೋ ಅಟ್ಟದಲ್ಲಿ ಡಕ್ಟ್ ಓಡಿಸಿದರೆ ಅರ್ಧ ಬಿಸಿ ಇಲಿಗಳಿಗೆ.

ಫಾಲ್ಸ್ ಸೀಲಿಂಗಿಗೆ ಎತ್ತರ ಸಾಲದಿದ್ದರೆ ಮೆಟ್ಟಿಲು ಹತ್ತಿದ ಕೂಡಲೇ ಇರೋ ಜಾಗದಲ್ಲಿ ಒಂದು ಗೋಡೆ ಹೆಡ್ ಹಾಕಿಸು. ಬಾಗಿಲು ತೆರೆದಿಟ್ಟರೆ ಕೋಣೆಗಳಿಗೆ ಬಿಸಿ ಹೋಗುತ್ತೆ, ಮುಚ್ಚಿದರೆ ಎರಡು-ಮೂರು ಡಿಗ್ರಿ ಇಳಿಯುತ್ತೆ. ಅಷ್ಟನ್ನ ತುಂಬೋಕೆ ಕೋಣೆಯ ಹಳೇ ಹೀಟರ್ ಇದ್ದೇ ಇದೆ. ಕೆಳಗಿನ ಸಣ್ಣ ಕೋಣೆಗೂ ಅದೇ ಸಾಕು. ಹೌದು, ಆ ಹೀಟರ್‌ಗಳನ್ನ ಕಿತ್ತು ಬಿಸಾಡೋಣ ಅಂತ ಬರೆದಿದ್ದೀಯ. ದಯವಿಟ್ಟು ಬೇಡ. ಮೈನಸ್ 28ರ ರಾತ್ರಿ ಒಂದು ಬಂದರೆ, ಯಂತ್ರ ಕೆಟ್ಟು ಬಿಡಿಭಾಗಕ್ಕೆ ಒಂದು ವಾರ ಕಾಯೋ ಹಾಗಾದರೆ, ಮನೆಯ ನೀರಿನ ಪೈಪು ಹೆಪ್ಪುಗಟ್ಟದ ಹಾಗೆ ಕಾಯೋದು ಅವೇ.

ಮಲ್ಟಿ ಯಂತ್ರ ಅಂದರೆ ಮೋಸ ಅಂತ ನಾನು ಹೇಳ್ತಿಲ್ಲ. ಅದಕ್ಕೂ ಜಾಗವಿದೆ. ಹೊರಗೆ ಒಂದೇ ಯೂನಿಟ್ ಇಡೋದಕ್ಕೆ ಗೋಡೆಯಿರೋ ಮನೆ, ಎರಡನೇದಕ್ಕೆ ಅನುಮತಿ ಕೊಡದ ಅಪಾರ್ಟ್‌ಮೆಂಟ್, ಬ್ರೇಕರ್ ಪೆಟ್ಟಿಗೆಯಲ್ಲಿ ಜಾಗವೇ ಇಲ್ಲದ ಹಳೇ ವೈರಿಂಗು, ಇಂಥಲ್ಲಿ ಬೇರೆ ದಾರಿಯಿಲ್ಲ. ಆಗಲೂ ಎರಡು, ಹೆಚ್ಚೆಂದರೆ ಮೂರು ಹೆಡ್. ಎಲ್ಲವೂ ದೊಡ್ಡ ಜಾಗದಲ್ಲೇ ಇರಬೇಕು, ಒಂದೊಂದರ ಹಸಿವೂ ಯಂತ್ರದ ಕನಿಷ್ಠದ ಹತ್ತಿರವಾದರೂ ಬರಬೇಕು. ನಿನ್ನ ಕೊಟೇಷನ್ನಿನಲ್ಲಿ ಹಾಲ್‌ಗೆ 18,000, ಉಳಿದ ನಾಲ್ಕಕ್ಕೂ 9,000, ಕೂಡಿದರೆ 54,000. ಹೊರಗಿನದು 48,000 ತಾನೇ ಅಂತ ನೀನು ಹಿಡಿದ ತಪ್ಪು ಮಾತ್ರ ತಪ್ಪಲ್ಲ. ಐದೂ ಒಂದೇ ಸಲ ಪೂರ್ತಿ ಕೇಳೋದಿಲ್ಲ ಅಂತ ಕಂಪನಿಗಳೇ ಅಷ್ಟು ಹೆಚ್ಚಿಗೆ ಕಟ್ಟೋಕೆ ಬಿಡ್ತಾವೆ.

ಮಲ್ಟಿಯಲ್ಲಿ ಇನ್ನೊಂದು ಕಟ್ಟು ಇದೆ, ಯಾರೂ ಮೊದಲೇ ಹೇಳೋದಿಲ್ಲ. ಎಲ್ಲ ಹೆಡ್‌ಗಳೂ ಒಂದೇ ಕೆಲಸ ಮಾಡಬೇಕು, ಬಿಸಿಯಾದರೆ ಎಲ್ಲಕ್ಕೂ ಬಿಸಿ, ತಂಪಾದರೆ ಎಲ್ಲಕ್ಕೂ ತಂಪು. ನಿನ್ನ ಆಫೀಸಿನಲ್ಲಿ ಒಂದು ಕಡೆ ಬಿಸಿ, ಅದೇ ಹೊತ್ತಿಗೆ ಇನ್ನೊಂದು ಕಡೆ ತಂಪು ಬರ್ತಿರಬಹುದು. ಡೈಕಿನ್ 1982ರಲ್ಲಿ ವಿಆರ್‌ವಿ ಅಂತ ಶುರುಮಾಡಿದ ದೊಡ್ಡ ಕಟ್ಟಡಗಳ ವ್ಯವಸ್ಥೆಯ ಬಳಗ ಅದು. ಅದರಲ್ಲಿ ಒಂದು ಕೋಣೆಯಿಂದ ತೆಗೆದ ಶಾಖವನ್ನ ಇನ್ನೊಂದಕ್ಕೆ ಕೊಡೋ ಬಗೆಯೂ ಇದೆ. ಮನೆಯ ಮಲ್ಟಿಗಳಲ್ಲಿ ಸಾಮಾನ್ಯವಾಗಿ ಆ ಸೌಕರ್ಯ ಇರೋದಿಲ್ಲ. ಏಪ್ರಿಲಿನ ಮಧ್ಯಾಹ್ನ ಬಿಸಿಲು ಬೀಳೋ ಕೋಣೆಯವರು ತಂಪಿಗೆ ಹಾಕ್ತಾರೆ, ಹಿಂದಿನ ಕೋಣೆಯವರು ಬಿಸಿಗೆ ಹಾಕ್ತಾರೆ, ಮೊದಲು ಒತ್ತಿದವರದ್ದು ನಡೆಯುತ್ತೆ, ಇನ್ನೊಬ್ಬರ ಹೆಡ್ ದೀಪ ಮಿಟುಕಿಸ್ತಾ ಸುಮ್ಮನೆ ಕೂರುತ್ತೆ. ಮನೆಯಲ್ಲಿ ಜಗಳಕ್ಕೆ ಇಷ್ಟು ಸಾಕು. ಅಕಸ್ಮಾತ್ ಮಲ್ಟಿಯೇ ಹಾಕಿಸಿಕೊಂಡರೆ ‘ಆಟೋ’ ಬಟನ್ ಮುಟ್ಟಬೇಡ, ಚಳಿಗಾಲ ಪೂರ್ತಿ ‘ಹೀಟ್’ನಲ್ಲೇ ಬಿಡು.

ಚಳಿ ತಡೆಯುತ್ತಾ ಅಂತ ಕೇಳಿದ್ದೀಯ. ಸರಿಯಾದ ಮಾದರಿ ತಡೆಯುತ್ತೆ. ಮೈನಸ್ 25ರಲ್ಲೂ ಓಡೋ ಯಂತ್ರಗಳಿವೆ. ಆದರೆ ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಕೊಡುತ್ತೆ ಅನ್ನೋ ಲೆಕ್ಕ, ಇದಕ್ಕೆ ಸಿಒಪಿ ಅಂತಾರೆ, ಹೊರಗಿನ ತಾಪ ಇಳಿದಂತೆ ಅದೂ ಇಳಿಯುತ್ತೆ. ಹೊರಗೆ 8 ಡಿಗ್ರಿ ಇದ್ದಾಗ ಮೂರೂವರೆ ನಾಲ್ಕು, ಮೈನಸ್ 15ರಲ್ಲಿ ಎರಡರ ಆಸುಪಾಸು. ನಿನ್ನ ಹಳೇ ಹೀಟರಿಂದು ಯಾವತ್ತೂ ಒಂದೇ. ಅಂದರೆ ಜನವರಿಯ ಆ 3,000 ಯೂನಿಟ್ ಜಾಗದಲ್ಲಿ ಕೋಣೆ ಹೀಟರಿನ ಪಾಲೂ ಸೇರಿ 1,500ರ ಹತ್ತಿರ ಅಂತಿಟ್ಟುಕೋ. ಅಮೆರಿಕ, ಕೆನಡಾದಲ್ಲಿ ಇಡೀ ಚಳಿಗಾಲದ ಸರಾಸರಿಯನ್ನ ಎಚ್‌ಎಸ್‌ಪಿಎಫ್2 ಅಂತ ಬರೀತಾರೆ, ಯುರೋಪಿನಲ್ಲಿ ಎಸ್‌ಸಿಒಪಿ. ಆ ಸರಾಸರಿ ಒಳ್ಳೇದೇ, ಆದರೆ ಅದನ್ನೇ ನಂಬಿ ಕೂರಬೇಡ. ಅಮೆರಿಕದ ಈಶಾನ್ಯ ರಾಜ್ಯಗಳಿಗಾಗಿ ನೀಪ್ ಅನ್ನೋ ಸಂಸ್ಥೆ ಚಳಿನಾಡಿನ ಹೀಟ್ ಪಂಪುಗಳ ಪಟ್ಟಿ ಇಟ್ಟಿದೆ. ಒಂದೊಂದು ಮಾದರಿಗೂ 8, ಮೈನಸ್ 8, ಮೈನಸ್ 15 ಡಿಗ್ರಿಯಲ್ಲಿ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಕೊಟ್ಟಿರುತ್ತೆ. ಮೈನಸ್ 15ರಲ್ಲಿ ಸಿಒಪಿ ಕನಿಷ್ಠ 1.75 ಇದ್ದರೇನೇ ಆ ಪಟ್ಟಿಗೆ ಪ್ರವೇಶ. ನಾನು ಹೇಳ್ತಿರೋ ಆ ‘ಕನಿಷ್ಠ’ ಅಂಕಿ ಅಂಗಡಿಯ ಬಣ್ಣದ ಕಾಗದದಲ್ಲಿ ಹುಡುಕಿದರೂ ಸಿಗೋದಿಲ್ಲ, ಅಲ್ಲಿ ಸಿಗುತ್ತೆ.

ಹೊರಗಿನ ಯೂನಿಟ್ ಎಲ್ಲಿ ಇಡೋದು ಅನ್ನೋದನ್ನ ಬಿಸಿಲಿರೋ ದಿನ ಬಂದ ಕಾಂಟ್ರಾಕ್ಟರನ ಕೈಗೆ ಬಿಡಬೇಡ. ನೀನೇ ಹೋಗಿ ನೋಡು. ಚಾವಣಿಯ ಅಂಚಿನಿಂದ ನೀರು, ಹಿಮ ಎಲ್ಲಿ ಬೀಳುತ್ತೆ, ಗಾಳಿ ಹಿಮವನ್ನ ಎಲ್ಲಿ ಗುಡ್ಡೆ ಹಾಕುತ್ತೆ ಅಂತ ಪಕ್ಕದ ಮನೆಯವರನ್ನ ಕೇಳು. ನೆಲದ ಮೇಲೆ ಇಡಬಾರದು, ಕಬ್ಬಿಣದ ಸ್ಟ್ಯಾಂಡ್ ಮೇಲೆ, ನಿಮ್ಮಲ್ಲಿ ಹಿಮ ಎಷ್ಟು ಎತ್ತರ ಬೀಳುತ್ತೋ ಅದಕ್ಕಿಂತ ಒಂದಡಿ ಮೇಲೆ. ಬೆಡ್‌ರೂಮಿನ ಗೋಡೆಗೆ ಬ್ರಾಕೆಟ್ ಹೊಡೆದು ನೇತುಹಾಕಿದರೆ ರಾತ್ರಿಯೆಲ್ಲ ಗೋಡೆ ಗುಂಯ್ ಅನ್ನುತ್ತೆ. ನಡೆಯೋ ದಾರಿ ಪಕ್ಕದಲ್ಲೂ ಬೇಡ, ಯಾಕೆ ಅಂತ ಕೇಳು.

ನಮ್ಮ ಮೊದಲ ಚಳಿಗಾಲ, ಬೆಳಿಗ್ಗೆ ಆರು ಗಂಟೆ, ಹೊರಗೆ ಸೊನ್ನೆ ಡಿಗ್ರಿ, ತೇವದ ಮಂಜು. ಒಳಗೆ ಬಿಸಿಗಾಳಿ ಇದ್ದಕ್ಕಿದ್ದಂತೆ ನಿಂತುಹೋಯ್ತು. ಕಿಟಕಿಯಿಂದ ನೋಡಿದರೆ ಔಟ್‌ಡೋರ್ ಯೂನಿಟ್ ಸುತ್ತ ಬಿಳೀ ಹೊಗೆ, ನನ್ನ ಎತ್ತರಕ್ಕೆ. ಬೆಂಕಿ ಬಿತ್ತು ಅಂತ ನಾನು ಬರಿಗಾಲಲ್ಲಿ ಓಡಿದೆ. ಅದು ಹೊಗೆಯಲ್ಲ, ಹಬೆ. ಹೊರಗಿನ ಕಾಯಿಲ್ ಗಾಳಿಯಿಂದ ಶಾಖ ಹೀರುವಾಗ ಗಾಳಿಯ ತೇವ ಅದರ ಮೇಲೆ ಹೆಪ್ಪುಗಟ್ಟುತ್ತೆ. ಪದರ ದಪ್ಪವಾದಾಗ ಯಂತ್ರ ಕೆಲವು ನಿಮಿಷ ತಿರುಗಿ ಓಡಿ, ಮನೆಯ ಶಾಖವನ್ನೇ ಹೊರಕ್ಕೆ ಕಳಿಸಿ ಅದನ್ನ ಕರಗಿಸಿಕೊಳ್ಳುತ್ತೆ. ಡಿಫ್ರಾಸ್ಟ್ ಅಂತಾರೆ. ಒಣಗಿದ ಕಡುಚಳಿಗಿಂತ ಸೊನ್ನೆಯ ಆಸುಪಾಸಿನ ಒದ್ದೆ ಹವೆಯಲ್ಲಿ ಇದು ಜಾಸ್ತಿ. ಆ ಕರಗಿದ ನೀರು ಕೆಳಕ್ಕೆ ಸುರಿದು ನಮ್ಮ ಮೆಟ್ಟಿಲ ದಾರಿಯಲ್ಲಿ ಗಾಜಿನಂಥ ಐಸ್ ಆಗಿತ್ತು. ಓಡಿದವಳು ಅದರ ಮೇಲೇ ಬಿದ್ದೆ.

ಇನ್ನು ಕೂರಿಸೋ ಕೆಲಸ. ಒಂದು ಹೆಡ್‌ಗೆ ಎರಡು ತಾಮ್ರದ ಪೈಪು, ಒಂದೊಂದಕ್ಕೂ ಎರಡು ತುದಿ. ತುದಿಯನ್ನ ಕಹಳೆಯ ಬಾಯಿಯಂತೆ ಅಗಲಿಸಿ ನಟ್ ಬಿಗಿಯೋದಕ್ಕೆ ಫ್ಲೇರ್ ಅಂತಾರೆ. ಹೆಡ್‌ಗೆ ನಾಲ್ಕು ಫ್ಲೇರ್, ಐದು ಹೆಡ್‌ಗೆ ಇಪ್ಪತ್ತು. ಇಪ್ಪತ್ತರಲ್ಲಿ ಒಂದು ಸಡಿಲವಾದರೂ ಗ್ಯಾಸ್ ಹೋಗೋದು ಇಡೀ ಮನೆಯದ್ದು. ನಮಗೆ ಮೂರನೇ ಚಳಿಗಾಲದಲ್ಲಿ ಹಾಗೇ ಆಯ್ತು. ಓದೋ ಕೋಣೆಯ ಹೆಡ್ ಹಿಂದೆ ಒಂದು ನಟ್ ಸುತ್ತ ಎಣ್ಣೆ ಜಿಡ್ಡಿನ ಕಲೆ, ಬೆರಳಗಲ, ಅಷ್ಟೇ. ಐದು ಕೋಣೆಯೂ ಒಂದೇ ರಾತ್ರಿ ತಣ್ಣಗಾದವು. ಹಾಕಿಕೊಟ್ಟವನು ಫೋನಿನಲ್ಲಿ ‘ವಾರಂಟಿ ಸಾಮಾನಿಗೆ, ಕೂಲಿಗಲ್ಲ’ ಅಂದ. ಅವನು ಮೊದಲ ದಿನ ಒತ್ತಡ ಪರೀಕ್ಷೆ ಮಾಡಿದ್ದನಾ ಅಂತ ನಮಗೆ ಗೊತ್ತೂ ಇರಲಿಲ್ಲ, ಕೇಳಬೇಕು ಅಂತಲೂ ಗೊತ್ತಿರಲಿಲ್ಲ.

ನೀನು ಕೇಳು. ನಟ್ ಬಿಗಿಯೋಕೆ ಟಾರ್ಕ್ ರೆಂಚ್ ಇದೆಯಾ ನೋಡು, ಕಣ್ಣಳತೆ ಕೈಯಳತೆ ಬೇಡ. ಪೈಪಿಗೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತಾ ಅಂತ ನೋಡಬೇಕು, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೇದು. ಆಮೇಲೆ ವ್ಯಾಕ್ಯೂಮ್ ಪಂಪಿನಿಂದ ಪೈಪಿನೊಳಗಿನ ಗಾಳಿ, ತೇವ ತೆಗೆದು ಒತ್ತಡವನ್ನ 500 ಮೈಕ್ರಾನ್‌ಗಿಂತ (ಇದು ನಿರ್ವಾತದ ಅಳತೆ) ಕೆಳಕ್ಕೆ ಎಳೆದು, ಪಂಪ್ ನಿಲ್ಲಿಸಿದ ಮೇಲೂ ಅದು ಮೇಲೇರದೆ ನಿಲ್ಲುತ್ತಾ ನೋಡಬೇಕು. ಆ ಗೇಜಿನ ಫೋಟೋ ತೆಗೆದುಕೊಡಿ ಅಂತ ಮೊದಲೇ ಹೇಳಿಡು. ಒಳ್ಳೆ ಕೆಲಸಗಾರ ಖುಷಿಯಿಂದ ತೋರಿಸ್ತಾನೆ. ಮುಖ ಸಿಂಡರಿಸಿದವನನ್ನ ಅಲ್ಲಿಂದಲೇ ಕಳಿಸಿಬಿಡು.

ಸಣ್ಣಪುಟ್ಟವು ಒಂದೆರಡು. ಹೆಡ್ ಹೊರಗೋಡೆಯ ಮೇಲಿದ್ದರೆ ಬೇಸಿಗೆಯಲ್ಲಿ ತಂಪು ಮಾಡುವಾಗ ಕೂಡೋ ನೀರು ತಾನಾಗಿ ಇಳಿದುಹೋಗುತ್ತೆ, ಒಳಗೋಡೆಯಾದರೆ ಸಣ್ಣ ಪಂಪ್ ಬೇಕು, ಅದು ಗೊರಗೊರ ಅನ್ನುತ್ತೆ, ಒಂದು ದಿನ ಕೆಟ್ಟು ಗೋಡೆ ನೆನೆಸುತ್ತೆ. ಹೊಸ ಯಂತ್ರಗಳಲ್ಲಿ ಹಳೇ ಆರ್-410ಎ ಬದಲು ಆರ್-32 ಅಥವಾ ಆರ್-454ಬಿ ಗ್ಯಾಸು ಬರ್ತಿದೆ, ಭೂಮಿಯ ಬಿಸಿ ಏರಿಸೋದರಲ್ಲಿ 410ಎಯ ಮೂರನೇ ಒಂದರಷ್ಟು ಅಥವಾ ಅದಕ್ಕೂ ಕಮ್ಮಿ. ಸ್ವಲ್ಪ ಉರಿಯೋ ಗುಣ ಇದೆ, ಹೆದರೋ ಮಟ್ಟಿಗಲ್ಲ, ಅದರ ತರಬೇತಿ ಆದವರೇ ಮುಟ್ಟಬೇಕು ಅಷ್ಟೇ. ಅಂಗಡಿಯಲ್ಲಿ ಉಳಿದುಹೋದ 410ಎ ಯಂತ್ರವನ್ನ ರಿಯಾಯಿತಿ ಅಂತ ತಲೆಗೆ ಕಟ್ಟಲು ಬಂದರೆ ಎರಡು ಸಲ ಯೋಚಿಸು.

ಬಳಸೋ ರೀತಿಯೂ ಹೀಟರಿನದಲ್ಲ. ಹೆಡ್‌ನ ಬಾಯಿಂದ ಬರೋ ಗಾಳಿ ಸುಡೋದಿಲ್ಲ, ಉಗುರುಬೆಚ್ಚಗಿರುತ್ತೆ. ನಮ್ಮತ್ತೆ ಬಂದಿದ್ದಾಗ ‘ಇದು ಕೆಟ್ಟಿದೆ, ಬಿಸಿಯೇ ಇಲ್ಲ’ ಅಂತ ದಿನಾ 28ಕ್ಕೆ ಏರಿಸಿಡೋರು. ಬೇಗ ಬಿಸಿಯಾಗಲಿ ಅಂತ ಏರಿಸಿದರೆ ಯಂತ್ರ ಏದುಸಿರು ಬಿಟ್ಟು ಓಡುತ್ತೆ, ಕರೆಂಟ್ ತಿನ್ನುತ್ತೆ. ಒಂದು ತಾಪಕ್ಕೆ ಇಟ್ಟು ಮರೆತುಬಿಡು, ರಾತ್ರಿಗೆ ಇಳಿಸೋದಾದರೂ ಒಂದೆರಡು ಡಿಗ್ರಿ ಮಾತ್ರ. ಹೆಡ್ ಒಳಗಿನ ಸೆನ್ಸರ್ ಸೂರಿನ ಹತ್ತಿರದ ಬಿಸಿಗಾಳಿ ನೋಡೋದರಿಂದ 22 ಇಟ್ಟರೆ ಕುರ್ಚಿಯ ಎತ್ತರದಲ್ಲಿ 20 ಸಿಗುತ್ತೆ, ಅಂಕಿ ನೋಡಿ ಕೊರಗಬೇಡ. ನಿನ್ನ ಹಾಲ್ ಅಡುಗೆಮನೆಗೆ ತೆರೆದುಕೊಂಡಿದೆ, ಎಣ್ಣೆ ಕಾಯೋ ಹೊಗೆ ಫಿಲ್ಟರಿಗೆ ಅಂಟುತ್ತೆ, ಮೂರು ವಾರಕ್ಕೊಮ್ಮೆ ಬಿಚ್ಚಿ ತೊಳೆ. ಟಾರ್ಚ್ ಬಿಟ್ಟು ಒಳಗಿನ ಉರುಳೆ ಫ್ಯಾನ್ ನೋಡು, ರೆಕ್ಕೆಗಳ ಮೇಲೆ ಕಪ್ಪು ಚುಕ್ಕೆ ಕಂಡರೆ ಯಾರನ್ನಾದರೂ ಕರೆಸಿ ತೊಳೆಸೋ ಕಾಲ ಬಂತು ಅಂತ.

ಇವೆಲ್ಲಕ್ಕೂ ಮೊದಲು ಒಂದು ಕೆಲಸವಿದೆ. ಅಟ್ಟ ಹತ್ತಿ ಎಷ್ಟು ದಪ್ಪ ಇನ್ಸುಲೇಷನ್ ಹಾಸಿದ್ದಾರೆ ನೋಡು, ಗಾಳಿ ಬೀಸೋ ದಿನ ಕಿಟಕಿ ಬಾಗಿಲ ಸಂದಿಗೆ ಊದುಬತ್ತಿ ಹಿಡಿದು ನೋಡು. ಹೊಗೆ ಅಲ್ಲಾಡಿದ ಕಡೆಯೆಲ್ಲ ಮುಚ್ಚಿಸು. ಆ 23,000 ಹಾಗೇ 19,000ಕ್ಕೆ ಇಳಿದರೂ ಇಳಿಯಬಹುದು, ಯಂತ್ರವೂ ಒಂದು ಸೈಜು ಇಳಿಯುತ್ತೆ.

ಆ ಕಾಂಟ್ರಾಕ್ಟರ್‌ಗೆ ಈ ವಾರ ಇಷ್ಟೇ ಬರಿ: ‘ನೀವು ಹೇಳಿದ ಮಾದರಿ ಹೊರಗೆ 8 ಡಿಗ್ರಿ ಇದ್ದಾಗ ಕನಿಷ್ಠ ಎಷ್ಟಕ್ಕೆ ಇಳಿಯುತ್ತೆ, ಮೈನಸ್ 15ರಲ್ಲಿ ಗರಿಷ್ಠ ಎಷ್ಟು ಕೊಡುತ್ತೆ, ಕೋಣೆವಾರು ಲೆಕ್ಕ ಕಳಿಸಿ.’ ಉತ್ತರ ಬಂದರೆ ನನಗೂ ಕಳಿಸು, ಕೂತು ನೋಡೋಣ. ಬರದಿದ್ದರೆ ಇನ್ನಿಬ್ಬರನ್ನ ಕರೆಸು, ಸೆಪ್ಟೆಂಬರ್ ಕಳೆದರೆ ಎಲ್ಲರೂ ಬ್ಯುಸಿ ಆಗ್ತಾರೆ. ಈ ಚಳಿಗಾಲಕ್ಕೆ ಆಗದಿದ್ದರೂ ಗಾಬರಿ ಬೇಡ, ಹಳೇ ಹೀಟರಿನಲ್ಲೇ ಒಂದು ವರ್ಷ ಕಳೆಯಿರಿ. ಯಾವ ಕೋಣೆ ಎಷ್ಟು ಕೊರೆಯುತ್ತೆ ಅಂತ ಅಷ್ಟರಲ್ಲಿ ನಿಮಗೇ ಗೊತ್ತಾಗಿರುತ್ತೆ.